ಪಿಷ್ಟದ ಹೊದಿಕೆಯ ಕಬ್ಬಿಣ: ನ್ಯಾನೋ ಔಷಧ ಎಲ್ಲಿ ಗೆದ್ದಿದೆ, ಎಲ್ಲಿ ಎಡವಿದೆ

2021ರ ಕೊರೊನಾ ಎರಡನೇ ಅಲೆಯಲ್ಲಿ ರೆಮ್‌ಡೆಸಿವಿರ್‌ಗಾಗಿ ಅಲೆದವರು ದಾವಣಗೆರೆಯಲ್ಲೂ ಬೇಕಾದಷ್ಟು ಜನ ಇದ್ದಾರೆ. ಆ ಪುಟ್ಟ ವಯಲ್‌ನೊಳಗೆ ಏನಿದೆ ಅಂತ ನೋಡುವ ಪುರುಸೊತ್ತು ಆಗ ಯಾರಿಗೂ ಇರಲಿಲ್ಲ. ಪುಡಿ ರೂಪದ ವಯಲ್‌ನಲ್ಲಿ ಔಷಧ ಇದ್ದದ್ದು 100 ಮಿಲಿಗ್ರಾಂ. ಅದರ ಜೊತೆ 3 ಗ್ರಾಂ ಇನ್ನೊಂದು ಪದಾರ್ಥ ಇತ್ತು. ಔಷಧಕ್ಕಿಂತ ಮೂವತ್ತು ಪಟ್ಟು ಜಾಸ್ತಿ! ಅದು ಸೈಕ್ಲೋಡೆಕ್ಸ್‌ಟ್ರಿನ್ ಜಾತಿಯದು, ತಯಾರಾಗುವುದು ಪಿಷ್ಟದಿಂದ. ಮೆಕ್ಕೆಜೋಳದಿಂದಲೋ ಆಲೂಗಡ್ಡೆಯಿಂದಲೋ ತೆಗೆದ ಸ್ಟಾರ್ಚ್‌ಗೆ ಒಂದು ಕಿಣ್ವ ಹಾಕಿದರೆ ಗ್ಲೂಕೋಸ್ ಸರಪಳಿ ತುಂಡಾಗಿ, ಏಳು ಗ್ಲೂಕೋಸ್‌ಗಳ ಉಂಗುರ ಆಗುತ್ತದೆ. ಉಂಗುರದ ಹೊರಮೈ ನೀರಿಗೆ ಒಗ್ಗುತ್ತದೆ, ಒಳಗಿನ ಪೊಳ್ಳು ನೀರನ್ನು ದೂರ ಇಡುತ್ತದೆ. ರೆಮ್‌ಡೆಸಿವಿರ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಆ ಪೊಳ್ಳಿನೊಳಗೆ ಅದನ್ನು ಕೂರಿಸಿದ ಮೇಲೆಯೇ ರಕ್ತನಾಳಕ್ಕೆ ಕೊಡಲು ಸಾಧ್ಯವಾಯಿತು.

ಉಂಗುರ ಅಂದರೆ ಒಂದೊಂದೇ ಅಣು. ಅದನ್ನು ನ್ಯಾನೋಕಣ ಅನ್ನುವ ಹಾಗಿಲ್ಲ. ಆದರೆ ಉಪಾಯ ಒಂದೇ: ಸಕ್ಕರೆಯ ಸರಪಳಿಯಿಂದ ಹೊದಿಕೆ ಮಾಡಿ, ಔಷಧವನ್ನು ಅದರೊಳಗೆ ಸೇರಿಸಿ, ದೇಹಕ್ಕೆ ಕಳಿಸುವುದು. ಇಂಥ ಉದ್ದನೆಯ ಸಕ್ಕರೆ ಸರಪಳಿಗಳಿಗೆ ಪಾಲಿಸ್ಯಾಕರೈಡ್ ಅಂತ ಹೆಸರು. ಪಿಷ್ಟ, ಸಿಗಡಿ ಚಿಪ್ಪಿನಿಂದ ಬರುವ ಚಿಟೋಸಾನ್, ಕಡಲಪಾಚಿಯ ಆಲ್ಜಿನೇಟ್, ಹಣ್ಣಿನ ಸಿಪ್ಪೆಯ ಪೆಕ್ಟಿನ್, ಗೋರಿಕಾಯಿ ಜಾತಿಯ ಗಿಡದ ಬೀಜದಿಂದ ತೆಗೆಯುವ ಗ್ವಾರ್ ಗಮ್ ಎಲ್ಲ ಇದೇ ಕುಲ. ಚಿತ್ರದುರ್ಗದ ಕಡೆ ರಾಶಿ ರಾಶಿ ಬೀಳುವ ಹುಣಸೆಬೀಜದ ಒಳಗೂ ಇದೆ. ಆ ಬೀಜದ ಪುಡಿಯ ಗಂಜಿಯನ್ನು ನೂಲಿಗೆ ಹಾಕುವುದು ಹಳೇ ಪದ್ಧತಿ. ಈಗ ಅದೇ ಬೀಜದಿಂದ ಶುದ್ಧ ಮಾಡಿ ತೆಗೆದ ಅಂಟು, ಕಣ್ಣು ಒಣಗುವವರಿಗೆ ಕೊಡುವ ಡ್ರಾಪ್ಸ್‌ನಲ್ಲಿ ಬಳಕೆಯಲ್ಲಿದೆ.

ನ್ಯಾನೋ ಔಷಧ ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಕ್ಯಾನ್ಸರ್ ಗಡ್ಡೆಯನ್ನು ಹುಡುಕಿಕೊಂಡು ಹೋಗುವ ಕಣ. ಪೇಪರ್‌ನಲ್ಲಿ ಬರುವ ಸುದ್ದಿಯೂ ಅದೇ. ಆದರೆ ಈ ಕುಲದಲ್ಲಿ ನಿಜವಾಗಿ ಕೆಲಸ ಮಾಡಿ ತೋರಿಸಿದ ಔಷಧ ಸದ್ದಿಲ್ಲದೆ ಹೆರಿಗೆ ವಾರ್ಡಿಗೆ ಬಂದಿದೆ. ಅದು ರಕ್ತಹೀನತೆಗೆ ಕೊಡುವ ಕಬ್ಬಿಣದ ಇಂಜೆಕ್ಷನ್. ಅದು ಯಾಕೆ ಗೆದ್ದಿತು ಅಂತ ಗೊತ್ತಾದರೆ, ಉಳಿದವು ಯಾಕೆ ಎಡವುತ್ತಿವೆ ಅನ್ನುವುದೂ ಗೊತ್ತಾಗುತ್ತದೆ.

ಕಂದು ಬಣ್ಣದ ಡ್ರಿಪ್ ಹಾಕಿರುವುದನ್ನು ನೋಡಿದರೆ ಜೊತೆಗೆ ಬಂದ ಅತ್ತೆಗೋ ತಾಯಿಗೋ ಗಾಬರಿ ಆಗುವುದು ಸಹಜ. ‘ಸಿಸ್ಟರ್, ರಕ್ತ ಏರಿಸ್ತಾ ಇದೀರಾ?’ ಅಂತ ಕೇಳುತ್ತಾರೆ. ‘ರಕ್ತ ಅಲ್ಲಮ್ಮ, ಕಬ್ಬಿಣದ್ದು’ ಅನ್ನುವ ಉತ್ತರ ಬರುತ್ತದೆ. ಆ ಕಂದು ನೀರಿನಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಕಣಗಳಿವೆ. ಒಂದೊಂದರ ನಡುವೆ ತುಕ್ಕಿನ ಜಾತಿಯ ಕಬ್ಬಿಣದ ತಿರುಳು, ಸುತ್ತ ಸಕ್ಕರೆಯ ಹೊದಿಕೆ. ಆಸ್ಪತ್ರೆಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವುದು ಐರನ್ ಸುಕ್ರೋಸ್. ಅದರ ಹೊದಿಕೆ ನಾವು ಟೀಗೆ ಹಾಕುವ ಸಕ್ಕರೆಯೇ. ಈಚಿನದು ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್, ಡಾಕ್ಟರುಗಳ ಬಾಯಲ್ಲಿ ಎಫ್‌ಸಿಎಂ. ಇದರ ಹೊದಿಕೆ ಪಿಷ್ಟವನ್ನು ಒಡೆದು ಮಾಡಿದ ಮಾಲ್ಟೋಡೆಕ್ಸ್‌ಟ್ರಿನ್‌ನಿಂದ ಬಂದದ್ದು. ಕಣದ ಗಾತ್ರ 20 ನ್ಯಾನೋಮೀಟರ್ ಆಸುಪಾಸು. ತಲೆಗೂದಲಿನ ದಪ್ಪ 80 ಸಾವಿರ ನ್ಯಾನೋಮೀಟರ್ ಇರಬಹುದು. ಅಂದಾಜು ಸಿಕ್ಕಿತಲ್ವಾ?

ಹೊದಿಕೆ ಯಾಕೆ ಬೇಕು? ಕಬ್ಬಿಣ ದೇಹಕ್ಕೆ ಬೇಕೇ ಬೇಕು, ಆದರೆ ಬಿಡಿಯಾಗಿ ರಕ್ತದಲ್ಲಿ ಓಡಾಡಿದರೆ ವಿಷ. ಸಿಕ್ಕಿದ ಕಡೆ ರಾಸಾಯನಿಕ ಕ್ರಿಯೆ ಎಬ್ಬಿಸಿ ಜೀವಕೋಶವನ್ನೇ ಸುಡುತ್ತದೆ. ಅದಕ್ಕೇ ರಕ್ತದಲ್ಲಿ ಕಬ್ಬಿಣ ಹೊರಲು ಟ್ರಾನ್ಸ್‌ಫೆರಿನ್ ಅನ್ನುವ ಪ್ರೋಟೀನ್ ಇದೆ. ಒಂದು ಹೊತ್ತಿನಲ್ಲಿ ಅದು ಹೊತ್ತಿರುವುದು ಮೂರು ನಾಲ್ಕು ಮಿಲಿಗ್ರಾಂ ಮಾತ್ರ. ಡ್ರಿಪ್‌ನಲ್ಲಿ ಹೋಗುವುದು 1000 ಮಿಲಿಗ್ರಾಂವರೆಗೂ ಇರುತ್ತದೆ. ಅಷ್ಟನ್ನು ಬಿಡಿ ಕಬ್ಬಿಣವಾಗಿ ಕೊಟ್ಟರೆ ಆಳು ಉಳಿಯುವುದಿಲ್ಲ. ಸಕ್ಕರೆ ಸರಪಳಿ ಸುತ್ತಿಕೊಂಡಿದ್ದರೆ ತಿರುಳು ಬಿಚ್ಚಿಕೊಳ್ಳದೆ ರಕ್ತದಲ್ಲಿ ಸಾಗುತ್ತದೆ.

ಎಲ್ಲಿಗೆ ಸಾಗುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ರಕ್ತಕ್ಕೆ ಹೊರಗಿನ ಕಣ ಏನೇ ಬಂದರೂ ಹಿಡಿದು ನುಂಗಲು ದೇಹದಲ್ಲಿ ಮ್ಯಾಕ್ರೋಫೇಜ್ ಅನ್ನುವ ಕಾವಲು ಕೋಶಗಳಿವೆ. ಇವು ಜಾಸ್ತಿ ಇರುವುದು ಲಿವರ್, ಗುಲ್ಮ ಮತ್ತು ಮೂಳೆ ಮಜ್ಜೆಯಲ್ಲಿ. ದಿನಾ ಸತ್ತ ಕೆಂಪು ರಕ್ತಕಣಗಳನ್ನು ನುಂಗಿ, ಅದರಲ್ಲಿನ 20-25 ಮಿಲಿಗ್ರಾಂ ಕಬ್ಬಿಣವನ್ನು ಬಿಡಿಸಿ, ಮತ್ತೆ ಮಜ್ಜೆಗೆ ಕಳಿಸುವುದು ಇವುಗಳದೇ ಕೆಲಸ. ಎಫ್‌ಸಿಎಂ ಕಣವೂ ಇವುಗಳ ಬಾಯಿಗೇ ಬೀಳುತ್ತದೆ. ಒಳಗಿನ ಆಮ್ಲ ತಿರುಳನ್ನು ಕರಗಿಸುತ್ತದೆ. ಕಬ್ಬಿಣ ಸ್ವಲ್ಪ ಸ್ವಲ್ಪವಾಗಿ ಹೊರಬಂದು ಟ್ರಾನ್ಸ್‌ಫೆರಿನ್ ಹೆಗಲೇರಿ ಹೊಸ ರಕ್ತ ಕಟ್ಟಲು ಹೋಗುತ್ತದೆ. ಪಿಷ್ಟದ ಹೊದಿಕೆ? ಅದನ್ನು ಒಡೆಯುವ ಅಮೈಲೇಸ್ ಕಿಣ್ವ ನಮ್ಮ ಎಂಜಲಲ್ಲೂ ಇದೆ, ರಕ್ತದಲ್ಲೂ ಇದೆ. ಕೊನೆಗೆ ಅದೂ ಸಕ್ಕರೆಯಾಗಿ ಕರಗುತ್ತದೆ.

ಈಗ ಕ್ಯಾನ್ಸರ್ ಕಣದ ಕಡೆ ಬನ್ನಿ. ಅದನ್ನೂ ಇದೇ ಕಾವಲುಗಾರರು ಹಿಡಿಯುತ್ತಾರೆ, ಇದೇ ಲಿವರ್‌ನಲ್ಲಿ. ದಾವಣಗೆರೆಯಲ್ಲಿ ಬೆಂಗಳೂರಿಗೆ ಅಂತ ಹತ್ತಿಸಿದ ಬಸ್ಸಿನ ಜನರೆಲ್ಲ ಪ್ರತಿ ಸಲ ತುಮಕೂರಲ್ಲೇ ಇಳಿದುಬಿಟ್ಟರೆ ಹೇಗೋ ಹಾಗೆ. ಕಬ್ಬಿಣಕ್ಕೆ ಬೇಕಿದ್ದದ್ದೇ ತುಮಕೂರು, ಹಾಗಾಗಿ ಗೆದ್ದಿತು. ಗಡ್ಡೆಗೆ ಹೋಗಬೇಕಾದ ಔಷಧಕ್ಕೆ ಅದೇ ದಾರಿ ಶಾಪ.

ಇದು ನನ್ನ ಊಹೆ ಅಲ್ಲ. ಗಡ್ಡೆಯ ರಕ್ತನಾಳ ಸೋರುತ್ತದೆ, ಸಣ್ಣ ಕಣ ಅಲ್ಲಿ ತಂಗುತ್ತದೆ ಅಂತ ಜಪಾನಿನ ಮತ್ಸುಮುರ ಮತ್ತು ಮಯೇದ 1986ರಲ್ಲಿ ತೋರಿಸಿದರು. ಮುಂದಿನ ಮೂರು ದಶಕದ ಉತ್ಸಾಹಕ್ಕೆಲ್ಲ ಅದೇ ಆಧಾರ. 2016ರಲ್ಲಿ ಟೊರಾಂಟೊದ ವಾರೆನ್ ಚಾನ್ ಅವರ ತಂಡ, ಅದಕ್ಕೂ ಹಿಂದಿನ ಹತ್ತು ವರ್ಷದ ಪ್ರಾಣಿ ಪ್ರಯೋಗಗಳನ್ನು ಒಟ್ಟುಹಾಕಿ ಲೆಕ್ಕ ನೋಡಿತು. ಚುಚ್ಚಿದ ಕಣಗಳಲ್ಲಿ ಗಡ್ಡೆ ಮುಟ್ಟಿದ್ದು ಎಷ್ಟು? ಮಧ್ಯಮ ಲೆಕ್ಕದಲ್ಲಿ ಶೇ. 0.7. ನೂರರಲ್ಲಿ ಒಂದೂ ಇಲ್ಲ. ಈ ಲೆಕ್ಕದ ಬಗ್ಗೆ ತಕರಾರುಗಳೂ ಬಂದವು, ಅಳೆಯುವ ವಿಧಾನ ಸರಿಯಿಲ್ಲ ಎಂದವರಿದ್ದಾರೆ. ಹಾಗಂತ ಎಲ್ಲವೂ ವ್ಯರ್ಥ ಅಂತಲೂ ಅಲ್ಲ. ಕೊಬ್ಬಿನ ಗುಳ್ಳೆಯೊಳಗೆ ತುಂಬಿದ ಡಾಕ್ಸೋರುಬಿಸಿನ್ ಅನ್ನುವ ಕ್ಯಾನ್ಸರ್ ಔಷಧಕ್ಕೆ ಅಮೆರಿಕ 1995ರಲ್ಲೇ ಅನುಮತಿ ಕೊಟ್ಟಿದೆ, ಇಂದಿಗೂ ಬಳಕೆಯಲ್ಲಿದೆ. ಆದರೆ ಅದರ ದೊಡ್ಡ ಲಾಭ ಹೃದಯಕ್ಕೆ ಆಗುವ ಪೆಟ್ಟು ಕಮ್ಮಿಯಾಗಿದ್ದು. ಗಡ್ಡೆಗೆ ಗುರಿಯಿಟ್ಟು ಹೊಡೆಯುವ ಮಾತು ಇನ್ನೂ ಬಹುಪಾಲು ಮಾತಾಗಿಯೇ ಉಳಿದಿದೆ.

ಕಬ್ಬಿಣದ ಹೊದಿಕೆ ಕೂಡ ಒಂದೇ ಏಟಿಗೆ ಸರಿಹೋಗಲಿಲ್ಲ. 1950ರ ದಶಕದಲ್ಲಿ ಬಂದ ಐರನ್ ಡೆಕ್ಸ್‌ಟ್ರಾನ್ ಇದರ ಹಿರಿಯಣ್ಣ. ಡೆಕ್ಸ್‌ಟ್ರಾನ್ ಕೂಡ ಗ್ಲೂಕೋಸ್ ಸರಪಳಿಯೇ. ಅದನ್ನು ಮಾಡುವುದು ಲ್ಯೂಕೋನಾಸ್ಟಾಕ್ ಅನ್ನುವ ಬ್ಯಾಕ್ಟೀರಿಯಾ. ಕಡಿದು ಬಹಳ ಹೊತ್ತು ಬಿಟ್ಟ ಕಬ್ಬು ಲೋಳೆಯಾಗುವುದಕ್ಕೆ ಕಾರಣ ಇದೇ. ನಮ್ಮ ಬೆಣ್ಣೆದೋಸೆಯ ಹಿಟ್ಟು ರಾತ್ರಿಯಿಡೀ ಉಬ್ಬುವುದರಲ್ಲೂ ಈ ಕುಲದ ಪಾಲಿದೆ! ಆದರೆ ತೊಂದರೆ ಏನಪ್ಪಾ ಅಂದರೆ, ಕೆಲವರ ರಕ್ತದಲ್ಲಿ ಡೆಕ್ಸ್‌ಟ್ರಾನ್ ವಿರುದ್ಧ ಪ್ರತಿಕಾಯ ಮೊದಲೇ ಇರುತ್ತದೆ. ಅಂಥವರಿಗೆ ಚುಚ್ಚಿದರೆ ಬಿಪಿ ಕುಸಿದು, ಉಸಿರು ಕಟ್ಟಿ, ಜೀವಕ್ಕೇ ಬರಬಹುದು. ದೊಡ್ಡ ಅಣುತೂಕದ ಐರನ್ ಡೆಕ್ಸ್‌ಟ್ರಾನ್ ಈ ಕಾರಣಕ್ಕೇ ಮೂಲೆ ಸೇರಿತು. ಕಬ್ಬಿಣದ ಇಂಜೆಕ್ಷನ್ ಅಂದರೆ ಹಳಬ ಡಾಕ್ಟರುಗಳು ಇವತ್ತಿಗೂ ಹಿಂದೆ ಮುಂದೆ ನೋಡುವುದಕ್ಕೆ ಆ ನೆನಪೇ ಕಾರಣ. ಸಕ್ಕರೆ ಅಂದ ಮಾತ್ರಕ್ಕೆ ದೇಹ ಸುಮ್ನೆ ಒಪ್ಪಿಕೊಳ್ಳುತ್ತದೆ ಅಂತ ತಿಳಿಯಬಾರದು.

ಐರನ್ ಸುಕ್ರೋಸ್ ಬಂದಾಗ ಆ ಭಯ ಬಹಳ ತಗ್ಗಿತು. ಆದರೆ ಅದರ ಹೊದಿಕೆ ಸಡಿಲ. ಜಾಸ್ತಿ ಕೊಟ್ಟರೆ ಕಬ್ಬಿಣ ಬೇಗ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಸಾಮಾನ್ಯವಾಗಿ ಒಂದು ಸಲಕ್ಕೆ 200 ಮಿಲಿಗ್ರಾಂ ಮೀರಿ ಕೊಡುವುದಿಲ್ಲ. ಒಂದು ಬಸಿರಿಗೆ ಬೇಕಾಗುವ ಹೆಚ್ಚುವರಿ ಕಬ್ಬಿಣ ಸುಮಾರು 1000 ಮಿಲಿಗ್ರಾಂ. ಅಷ್ಟನ್ನೂ ಇದರಲ್ಲೇ ಕೊಡಬೇಕೆಂದರೆ ಐದು ಸಲ ಬರಬೇಕು. ಜಗಳೂರಿನ ಒಂದು ಹಳ್ಳಿಯಿಂದ ಏಳು ತಿಂಗಳ ಬಸುರಿ ಐದು ಸಲ ಬಸ್ಸು ಹತ್ತಿ ಬರಬೇಕು, ಜೊತೆಗೆ ಬರುವವರ ಕೂಲಿ ಐದು ಸಲ ಹೋಗಬೇಕು. ಮೂರನೇ ಸಲಕ್ಕೆ ಬರದೇ ಉಳಿದರೆ ಆಕೆಯನ್ನು ಬೈದು ಏನು ಪ್ರಯೋಜನ? ಎಫ್‌ಸಿಎಂ ಹೊದಿಕೆ ಗಟ್ಟಿ. 1000 ಮಿಲಿಗ್ರಾಂ ಅನ್ನು ಹದಿನೈದು ನಿಮಿಷದಲ್ಲಿ, ಒಂದೇ ಸಲಕ್ಕೆ ಕೊಡಬಹುದು. ನ್ಯಾನೋ ವಿಜ್ಞಾನದಿಂದ ನಮ್ಮ ಜಿಲ್ಲೆಗೆ ಸಿಕ್ಕ ಲಾಭ ಏನು ಅಂತ ಯಾರಾದರೂ ಕೇಳಿದರೆ, ಉಳಿತಾಯವಾದ ಆ ನಾಲ್ಕು ಬಸ್ ಪ್ರಯಾಣ ಅಂತ ಧೈರ್ಯವಾಗಿ ಹೇಳಬಹುದು.

ಅವಶ್ಯಕತೆ ಎಷ್ಟಿದೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ದೇಶದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಗರ್ಭಿಣಿಯರಿಗೆ ಮೊದಲು ಮಾತ್ರೆಯೇ: 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ, ದಿನಕ್ಕೊಂದು, 180 ದಿನ. ಮಾತ್ರೆ ನುಂಗಿದರೆ ವಾಕರಿಕೆ, ಮಲಬದ್ಧತೆ, ಕಪ್ಪು ಮಲ. ಮನೆಯ ಕಪಾಟಿನಲ್ಲಿ ಅರ್ಧ ಮುಗಿದ ಪಟ್ಟಿ ಸಿಗುವುದಕ್ಕೆ ಕಾರಣ ಹುಡುಕಬೇಕಿಲ್ಲ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಹಿಮೋಗ್ಲೋಬಿನ್ ತೀರಾ ಇಳಿದಿದ್ದರೆ, ಅಥವಾ ಮಾತ್ರೆ ನುಂಗಲು ಆಗುತ್ತಿಲ್ಲ ಅಂದರೆ ಡ್ರಿಪ್ ಕೊಡಬಹುದು. ಗರ್ಭಿಣಿಯರಿಗೆ ಮಾತ್ರೆಯೋ ಡ್ರಿಪ್ಪೋ ಅಂತ ಪಕ್ಕಾ ಗೊತ್ತುಮಾಡಿಕೊಳ್ಳಲು ಕರ್ನಾಟಕ ಮತ್ತು ರಾಜಸ್ಥಾನದಲ್ಲಿ ರ‍್ಯಾಪಿಡ್‌ಐರನ್ ಅನ್ನುವ ದೊಡ್ಡ ಪ್ರಯೋಗವನ್ನೇ ರೂಪಿಸಲಾಯಿತು, 4,320 ಗರ್ಭಿಣಿಯರ ಲೆಕ್ಕ ಹಾಕಿಕೊಂಡು. ಒಂದು ಗುಂಪಿಗೆ ಮಾತ್ರೆ, ಉಳಿದ ಎರಡಕ್ಕೆ ಎರಡು ಬಗೆಯ ಸಕ್ಕರೆ ಹೊದಿಕೆಯ ಕಬ್ಬಿಣ.

ಡ್ರಿಪ್‌ಗೂ ಮಿತಿ ಇದೆ. ಮೊದಲ ಮೂರು ತಿಂಗಳು ಕೊಡುವುದಿಲ್ಲ. ಕೊಟ್ಟ ಮೇಲೆ ಅರ್ಧ ಗಂಟೆ ಕಣ್ಣಿಟ್ಟಿರಬೇಕು. ಎಫ್‌ಸಿಎಂನಲ್ಲಿ ಇನ್ನೊಂದು ವಿಚಿತ್ರ ತೊಂದರೆ ಇದೆ: ಕೆಲವರ ರಕ್ತದಲ್ಲಿ ಫಾಸ್ಫೇಟ್ ಇಳಿಯುತ್ತದೆ. ಹೆಚ್ಚಿನವರಿಗೆ ಗೊತ್ತೇ ಆಗದೆ ಸರಿಹೋಗುತ್ತದೆ. ಮತ್ತೆ ಮತ್ತೆ ತೆಗೆದುಕೊಳ್ಳುವವರಲ್ಲಿ ಮೂಳೆ ನೋವಿನವರೆಗೂ ಹೋಗಬಹುದು. ಇನ್ನು ರಕ್ತಹೀನತೆಯೆಲ್ಲ ಕಬ್ಬಿಣದ ಕೊರತೆಯಿಂದಲೇ ಬರುವುದಿಲ್ಲ. ಬಿ12 ಕೊರತೆಗೆ, ತಲಸ್ಸೀಮಿಯಾ ಅನ್ನುವ ಅನುವಂಶಿಕ ರಕ್ತದ ಕಾಯಿಲೆಗೆ ಈ ಡ್ರಿಪ್ ಉತ್ತರವಲ್ಲ.

ಸದ್ಯದ ನಿಜವಾದ ತಕರಾರು ಬೇರೆ ಇದೆ, ಅದರ ಬಗ್ಗೆ ಮಾತು ಕಮ್ಮಿ. ಸ್ವಿಟ್ಜರ್ಲೆಂಡಿನ ಕಂಪನಿಯ ಕೈಯಲ್ಲಿದ್ದ ಎಫ್‌ಸಿಎಂ ಪೇಟೆಂಟ್ ಭಾರತದಲ್ಲಿ 2023ರಲ್ಲಿ ಮುಗಿಯಿತು. ಇನ್ನು ಯಾವ ಕಂಪನಿ ಬೇಕಾದರೂ ಮಾಡಿ ಮಾರಬಹುದು. ಬೆಲೆ ಇಳಿಯಲು ಇದು ಒಳ್ಳೆಯದೇ. ಆದರೆ ಪ್ಯಾರಾಸಿಟಮಾಲ್‌ಗೂ ಇದಕ್ಕೂ ಅಜಗಜಾಂತರ. ಪ್ಯಾರಾಸಿಟಮಾಲ್ ಒಂದು ಅಣು. ಯಾರು ಮಾಡಿದರೂ ಅಣು ಅದೇ, ಪರೀಕ್ಷೆ ಮಾಡಿ ಹೇಳಿಬಿಡಬಹುದು. ಎಫ್‌ಸಿಎಂ ಅನ್ನುವುದು ಸಣ್ಣ ದೊಡ್ಡ ಕಣಗಳ ಗುಂಪು. ಕುದಿಸಿದ ಬಿಸಿ, ಸುರಿದ ವೇಗ, ಪಿಷ್ಟ ಎಷ್ಟು ಉದ್ದಕ್ಕೆ ತುಂಡಾಗಿತ್ತು, ಇವೆಲ್ಲ ಕಣದ ಸ್ವಭಾವವನ್ನು ಬದಲಿಸುತ್ತವೆ. ಲೇಬಲ್ ಮೇಲೆ ಎಲ್ಲದಕ್ಕೂ ‘50 ಮಿಲಿಗ್ರಾಂ ಪ್ರತಿ ಎಂಎಲ್’ ಅಂತಲೇ ಇರುತ್ತದೆ.

ಇದು ಬರೀ ಅನುಮಾನವಲ್ಲ. ಐರನ್ ಸುಕ್ರೋಸ್‌ನಲ್ಲಿ ಹೀಗೆ ಆಗಿದೆ. ಫ್ರಾನ್ಸಿನ ಒಂದು ಡಯಾಲಿಸಿಸ್ ಕೇಂದ್ರದಲ್ಲಿ 75 ರೋಗಿಗಳಿಗೆ ಮೂಲ ಔಷಧ ಬಿಟ್ಟು ಅದರಂತೆಯೇ ಇರುವ ಇನ್ನೊಂದನ್ನು ಕೊಟ್ಟರು. ಹಿಮೋಗ್ಲೋಬಿನ್ ಇಳಿಯಿತು, ಕಬ್ಬಿಣ ಜಾಸ್ತಿ ಬೇಕಾಯಿತು ಅಂತ 2011ರಲ್ಲಿ ವರದಿ ಮಾಡಿದರು. ಒಂದೇ ಕೇಂದ್ರದ, ಅಷ್ಟೇ ಜನರ ಲೆಕ್ಕ. ಅದನ್ನೇ ಕೊನೆಯ ಮಾತು ಅನ್ನಲಾಗದು. ಆದರೂ ಯುರೋಪಿನ ಔಷಧ ಸಂಸ್ಥೆ ಎಚ್ಚೆತ್ತು, ಇಂಥ ಕಬ್ಬಿಣದ ಕಣಗಳನ್ನು ಸಾಮಾನ್ಯ ಜನರಿಕ್‌ನಂತೆ ನೋಡಬಾರದು, ಕಣದ ಗುಣಗಳನ್ನೂ ಅದು ದೇಹದಲ್ಲಿ ಹಂಚಿಕೆಯಾಗುವ ರೀತಿಯನ್ನೂ ಹೋಲಿಸಿ ತೋರಿಸಬೇಕು ಅಂದಿತು. ನಮ್ಮಲ್ಲೂ 2019ರಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ, ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಔಷಧಗಳಿಗೆ ಅನುಮತಿ ಕೊಡುವ ಕೇಂದ್ರ ಸಂಸ್ಥೆ ಸಿಡಿಎಸ್‌ಸಿಒ ಸೇರಿ ನ್ಯಾನೋ ಔಷಧಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ತಂದವು. ಕಣದ ಗಾತ್ರ, ಮೇಲ್ಮೈ, ಸ್ಥಿರತೆ ಎಲ್ಲ ಅದರಲ್ಲಿ ಬರುತ್ತವೆ. ಕಾಗದದ ಮೇಲೆ ಚೆನ್ನಾಗಿಯೇ ಇದೆ. ನನ್ನ ಪ್ರಶ್ನೆ ಕಾರ್ಖಾನೆಯಿಂದ ಹೊರಟ ಮೇಲಿನದು. ಟೆಂಡರಿನಲ್ಲಿ ಕಡಿಮೆ ಬೆಲೆಗೆ ಬಂದ ವಯಲ್, ಏಪ್ರಿಲ್ ಬಿಸಿಲಲ್ಲಿ ಚಳ್ಳಕೆರೆ ದಾಟಿ ಬಂದ ವಯಲ್, ಚುಚ್ಚುವ ಹೊತ್ತಿಗೂ ಅದೇ ಗಾತ್ರದ ಕಣಗಳನ್ನು ಹೊಂದಿದೆಯಾ? ಇದನ್ನು ಊರಲ್ಲೇ ಯಾರಾದರೂ ಅಳೆದು ನೋಡುವ ಏರ್ಪಾಡು ಬೇಕು.

ಇನ್ನು ಚಿಟೋಸಾನ್. ಫಾರ್ಮಸಿ ಕಾಲೇಜುಗಳ ಪ್ರಾಜೆಕ್ಟ್‌ಗಳಲ್ಲಿ ಇದಕ್ಕೆ ಭಾರೀ ಬೇಡಿಕೆ. ಮಾಡುವುದು ಸುಲಭ, ನೋಡಲೂ ಚೆಂದ. ಶೇ. 1ರ ಅಸಿಟಿಕ್ ಆಮ್ಲದಲ್ಲಿ ಚಿಟೋಸಾನ್ ಕರಗಿಸಿ, ಮ್ಯಾಗ್ನೆಟಿಕ್ ಸ್ಟಿರರ್ ಮೇಲಿಟ್ಟು, ಟ್ರೈಪಾಲಿಫಾಸ್ಫೇಟ್ ದ್ರಾವಣವನ್ನು ಹನಿ ಹನಿಯಾಗಿ ಬಿಡಬೇಕು. ತಿಳಿಯಾಗಿದ್ದ ನೀರು ಒಂದು ಹನಿಯ ಹೊತ್ತಿಗೆ ತಟಕ್ಕನೆ ಮಸುಕಾಗಿ, ನೀಲಿ ಛಾಯೆಗೆ ತಿರುಗುತ್ತದೆ. ಕಣ ಹುಟ್ಟಿತು. ಇನ್ನೂ ನಾಲ್ಕು ಹನಿ ಜಾಸ್ತಿ ಬಿತ್ತೋ, ಎಲ್ಲ ಗಂಟು ಕಟ್ಟಿ ತಳ ಸೇರುತ್ತದೆ. ಸ್ಪೇನಿನ ಮರಿಯಾ ಅಲೊನ್ಸೊ ಅವರ ತಂಡ 1997ರಲ್ಲಿ ಈ ದಾರಿ ತೋರಿಸಿತು. ಚಿಟೋಸಾನ್‌ಗೆ ಧನ ವಿದ್ಯುದಂಶ ಇರುವುದರಿಂದ ಕರುಳಿನ ಲೋಳೆಗೆ ಅಂಟಿಕೊಳ್ಳುತ್ತದೆ, ಜೀವಕೋಶಗಳ ನಡುವಿನ ಬಿಗಿಯನ್ನೂ ಕೊಂಚ ಸಡಿಲಿಸುತ್ತದೆ. ಹಾಗಾದರೆ ಇನ್ಸುಲಿನ್ ಅನ್ನು ಇದರೊಳಗೆ ತುಂಬಿ ಮಾತ್ರೆಯಾಗಿ ಕೊಡಬಹುದಲ್ಲ ಅನ್ನುವ ಆಸೆ ಅಲ್ಲಿಂದಲೇ ಚಿಗುರಿತು.

ಎಡವಿದ್ದು ಎಲ್ಲಿ? ಈ ವಿದ್ಯುದಂಶ ಇರುವುದು ಆಮ್ಲೀಯ ವಾತಾವರಣದಲ್ಲಿ. ಔಷಧ ಹೀರಬೇಕಾದ ಸಣ್ಣ ಕರುಳಿನಲ್ಲಿ ಆಮ್ಲ ತಗ್ಗಿರುತ್ತದೆ, ಚಿಟೋಸಾನ್ ತನ್ನ ಬಲ ಕಳೆದುಕೊಳ್ಳುತ್ತದೆ. ಹೊಟ್ಟೆಯ ಆಮ್ಲದಲ್ಲಿ ಬಲ ಇರುತ್ತದೆ, ಆದರೆ ಅಲ್ಲಿ ಕಣವೇ ಕರಗಿಹೋಗುವ ಭಯ. ಸಿಗಡಿ ಚಿಪ್ಪಿನಿಂದ ಬರುವ ಮಾಲು ಬ್ಯಾಚಿನಿಂದ ಬ್ಯಾಚಿಗೆ ಬೇರೆ ಎನ್ನುವುದು ಇನ್ನೊಂದು ತಲೆನೋವು. ಇಲಿಯಲ್ಲಿ ಗೆದ್ದ ಚಿಟೋಸಾನ್ ಇನ್ಸುಲಿನ್ ಲೆಕ್ಕವಿಲ್ಲದಷ್ಟಿದೆ, ಮೆಡಿಕಲ್ ಶಾಪಿನಲ್ಲಿ ಒಂದೂ ಇಲ್ಲ. ಅದೇ ಚಿಟೋಸಾನ್ ರಕ್ತ ನಿಲ್ಲಿಸುವ ಬ್ಯಾಂಡೇಜ್ ಆಗಿ ಅಮೆರಿಕದ ಸೈನಿಕರ ಜೀವ ಉಳಿಸಿದೆ. ಅಲ್ಲಿ ಅದಕ್ಕೆ ಎಲ್ಲಿಗೂ ಹೋಗುವ ಕೆಲಸವಿರಲಿಲ್ಲ. ಗಾಯಕ್ಕೆ ಅಂಟಿದರೆ ಸಾಕಿತ್ತು.

ಹಾಗಾಗಿ ಮೊಬೈಲಿನಲ್ಲಿ ‘ನ್ಯಾನೋ ಅರಿಶಿನ’, ‘ನ್ಯಾನೋ ಶಕ್ತಿ’ ಅಂತ ಜಾಹೀರಾತು ಬಂದಾಗ ಕಣ ಎಷ್ಟು ಸಣ್ಣದು ಅಂತ ಕೇಳಿ ಲಾಭವಿಲ್ಲ. ದೇಹದೊಳಗೆ ಹೋದ ಮೇಲೆ ಎಲ್ಲಿಗೆ ಸೇರುತ್ತದೆ, ಅದನ್ನು ಮನುಷ್ಯರಲ್ಲಿ ಅಳೆದು ತೋರಿಸಿದ್ದಾರಾ ಅಂತ ಕೇಳಬೇಕು. ಉತ್ತರ ಬರುವುದಿಲ್ಲ, ಬಿಡಿ.

ಮೆಕ್ಕೆಜೋಳದ ವಿಷಯ ಹೇಳದೆ ಮುಗಿಸಿದರೆ ನಮ್ಮ ಕಡೆಯವರು ಬಿಡುವುದಿಲ್ಲ. ರಾಜ್ಯದಲ್ಲಿ ಅತಿ ಹೆಚ್ಚು ಮೆಕ್ಕೆಜೋಳ ಬೆಳೆಯುವ ಜಿಲ್ಲೆಗಳಲ್ಲಿ ದಾವಣಗೆರೆ ಒಂದು. ಕೊಯ್ಲು ಮುಗಿದರೆ ರಸ್ತೆಯ ಒಂದು ಬದಿಯೆಲ್ಲ ಕಾಳಿನ ಹಾಸು. 2025-26ಕ್ಕೆ ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಯಾರ್ಡಿನಲ್ಲಿ ಅಷ್ಟೂ ಸಿಗಲಿಲ್ಲ ಅಂತ ಆ ಹಂಗಾಮಿನಲ್ಲಿ ರೈತರು ಬೀದಿಗಿಳಿದರು. ಔಷಧಕ್ಕೆ ಬೇಕಾಗುವ ಪಿಷ್ಟ ನಮ್ಮಲ್ಲೇ ಇದೆ, ಇದರಿಂದ ಬೆಲೆ ಏರೀತು ಅನ್ನುವ ಮಾತು ಆಗಾಗ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡೋಣ. 1000 ಮಿಲಿಗ್ರಾಂ ಕಬ್ಬಿಣದ ಒಂದು ಡೋಸ್‌ನಲ್ಲಿ ಹೊದಿಕೆಯ ತೂಕ ಎರಡು ಗ್ರಾಂ ಆಸುಪಾಸು. ಒಂದು ಕ್ವಿಂಟಲ್ ಮೆಕ್ಕೆಜೋಳದಿಂದ 60 ಕೆಜಿಯಷ್ಟು ಪಿಷ್ಟ ತೆಗೆಯಬಹುದು. ಶುದ್ಧ ಮಾಡುವಾಗ ಅರ್ಧ ಹೋಯಿತು ಅಂದುಕೊಂಡರೂ ಒಂದು ಕ್ವಿಂಟಲ್ ಕಾಳು ಹದಿನೈದು ಸಾವಿರ ಡೋಸಿಗೆ ಸಾಕು. ಜಿಲ್ಲೆಯ ಬಸುರಿಯರಿಗೆಲ್ಲ ಕೊಟ್ಟರೂ ಒಂದು ಟ್ರ್ಯಾಕ್ಟರ್ ಟ್ರೇಲರ್ ತುಂಬುವುದಿಲ್ಲ. ಮೆಕ್ಕೆಜೋಳದ ಬೆಲೆ ಕೋಳಿ ಆಹಾರ, ಎಥೆನಾಲ್, ಸ್ಟಾರ್ಚ್ ಕಾರ್ಖಾನೆ, ಆಮದು ನೀತಿ ಇವುಗಳ ಕೈಯಲ್ಲಿದೆ. ನ್ಯಾನೋಕಣದ ಹೆಸರಲ್ಲಿ ರೈತನಿಗೆ ಆಸೆ ತೋರಿಸುವುದು ಬೇಡ.

ದಾವಣಗೆರೆಗೆ ಸಿಗಬಹುದಾದ ಪಾಲು ಬೇರೆ ಕಡೆ ಇದೆ. ಮೆಡಿಕಲ್ ಕಾಲೇಜು, ಫಾರ್ಮಸಿ ಕಾಲೇಜು, ವಿಶ್ವವಿದ್ಯಾಲಯ ಎಲ್ಲ ಹತ್ತು-ಹದಿನೈದು ಕಿಲೋಮೀಟರ್ ಒಳಗೇ ಇವೆ. ಪಕ್ಕದ ಚಿತ್ರದುರ್ಗದಲ್ಲೂ ಫಾರ್ಮಸಿ ಕಾಲೇಜಿದೆ. ಚಿಟೋಸಾನ್ ಹನಿ ಬಿಡುವ ಮತ್ತೊಂದು ಪ್ರಾಜೆಕ್ಟ್ ಬದಲು, ಪೇಟೆಯಲ್ಲಿ ಸಿಗುವ ಬೇರೆ ಬೇರೆ ಕಂಪನಿಯ ಕಬ್ಬಿಣದ ವಯಲ್‌ಗಳನ್ನು ಕೊಂಡು ತಂದು, ಬೆಳಕು ಹಾಯಿಸಿ ಕಣದ ಗಾತ್ರ ಅಳೆಯಬಹುದು. ಬಿಡಿ ಕಬ್ಬಿಣ ಎಷ್ಟಿದೆ, ಆಮ್ಲದಲ್ಲಿ ತಿರುಳು ಎಷ್ಟು ಹೊತ್ತಿಗೆ ಬಿಚ್ಚುತ್ತದೆ ಅಂತ ಪಟ್ಟಿ ಮಾಡಬಹುದು. 40 ಡಿಗ್ರಿಯಲ್ಲಿ ಒಂದು ತಿಂಗಳು ಇಟ್ಟು ಮತ್ತೆ ಅಳೆಯಬಹುದು. ವಾರ್ಡಿನಲ್ಲಿ ಅದೇ ಬ್ಯಾಚಿನ ಡ್ರಿಪ್ ಪಡೆದವರ ಹಿಮೋಗ್ಲೋಬಿನ್ ನಾಲ್ಕು ವಾರದ ನಂತರ ಎಷ್ಟು ಏರಿತು ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಬಹುದು. ಮುಂದಿನ ಟೆಂಡರಿನಲ್ಲಿ ಬೆಲೆಯ ಜೊತೆಗೆ ಕಣದ ಗಾತ್ರವನ್ನೂ ಕೇಳಲು ಅಧಿಕಾರಿಗಳಿಗೆ ಆ ಪಟ್ಟಿ ಇದ್ದರೆ ಸಾಕು.